ವೀಸಾ ಅವಧಿ ಮೀರಿದರೆ ಏನಾಗುತ್ತದೆ? ದಾನಿಗಳಿಗೂ ವಿದ್ಯಾರ್ಥಿವೇತನದ ಕುಟುಂಬಗಳಿಗೂ ಒಂದು ತಿಳಿವಳಿಕೆ



ವಾರ್ಷಿಕ ವರದಿಯಲ್ಲಿ ಜಮಾ-ಖರ್ಚು, ಫಲಾನುಭವಿ ವಿದ್ಯಾರ್ಥಿಗಳ ವಿವರ ಮತ್ತು ಮುಂದಿನ ಸಾಲಿನ ಪ್ರಕಟಣೆಯ ಜೊತೆಗೆ ಕುಟುಂಬಗಳಿಗೆ ಉಪಯೋಗವಾಗುವ ಒಂದು ಲೇಖನವನ್ನು ಕೊಡುವುದು ನಮ್ಮ ಪದ್ಧತಿ. ಈ ಸಲದ ವಿಷಯ ವೀಸಾ. ಶಾಲೆ-ಕಾಲೇಜಿನ ಫೀಸು ಕಟ್ಟುವ ಟ್ರಸ್ಟಿಗೂ ವೀಸಾಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ. ಅದನ್ನು ನಾವು ಒಂದು ತಪ್ಪು ಮಾಡಿ ಕಲಿತೆವು. ಆ ತಪ್ಪಿನಿಂದಲೇ ಆರಂಭಿಸುತ್ತೇವೆ.

ನಾವು ತಿರಸ್ಕರಿಸಿದ ಒಂದು ಅರ್ಜಿ

2023ರ ಜೂನ್‌ನಲ್ಲಿ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ಹುಡುಗಿಯ ಅರ್ಜಿ ಬಂತು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ, ಪಿಯುಸಿ ವಿಜ್ಞಾನಕ್ಕೆ ಬೆಳಗಾವಿಯ ಕಾಲೇಜಿನಲ್ಲಿ ಸೀಟು. ತಂದೆಯ ಉದ್ಯೋಗ ಎಂಬ ಕಾಲಮಿನಲ್ಲಿ ‘ದುಬೈ’ ಎಂದಷ್ಟೇ ಬರೆದಿತ್ತು. ಆ ವರ್ಷ ಅರ್ಜಿಗಳು ಹೆಚ್ಚು, ಹಣ ಕಡಿಮೆ. ತಂದೆ ದುಬೈಯಲ್ಲಿದ್ದಾರೆ ಎಂದ ಮೇಲೆ ಇವರಿಗಿಂತ ಕಷ್ಟದಲ್ಲಿರುವವರು ಇದ್ದಾರೆ ಎಂದು ನಾವು ತೀರ್ಮಾನಿಸಿ ಆ ಅರ್ಜಿಯನ್ನು ಬದಿಗಿಟ್ಟೆವು. ಮನೆಗೆ ಹೋಗಿ ವಿಚಾರಿಸಲಿಲ್ಲ.

ಮರುವರ್ಷ ಅದೇ ಹುಡುಗಿಯ ಅರ್ಜಿ ಮತ್ತೆ ಬಂತು. ಈ ಸಲ ತಾಯಿಯೂ ಜೊತೆಗೆ ಬಂದಿದ್ದರು. ವಿಜ್ಞಾನ ಬಿಟ್ಟು ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್ ಯಾಕೆ ಸೇರಿಸಿದಿರಿ ಎಂದು ಕೇಳಿದೆವು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರಿಗಷ್ಟ ದುಬೈ ರೀ ಸರ್. ವರ್ಷದ ಮ್ಯಾಲಾತು, ಒಂದು ರೂಪಾಯಿ ಬಂದಿಲ್ಲ. ಅವ್ರ ವೀಸಾ ಮುಗದೈತಿ. ಹೊರಗ ಬಂದ್ರ ಹಿಡೀತಾರಂತ ರೂಮಿನಾಗ ಇರ್ತಾರ," ಎಂದರು. ಊರಿನಲ್ಲಿ ಯಾರಿಗೂ ಈ ಸಂಗತಿ ಗೊತ್ತಿರಲಿಲ್ಲ. ಮಗಳ ಮದುವೆಯ ಮಾತಿಗೆ ಅಡ್ಡಿಯಾದೀತು, ಸಾಲ ಕೊಟ್ಟವರು ಬಾಗಿಲಿಗೆ ಬಂದಾರು ಎಂಬ ಭಯದಿಂದ ಮುಚ್ಚಿಟ್ಟಿದ್ದರು. ಅರ್ಜಿಯಲ್ಲಿ ಸುಳ್ಳೇನೂ ಇರಲಿಲ್ಲ. ನಾವು ಕೇಳಬೇಕಾದುದನ್ನು ಕೇಳಿರಲಿಲ್ಲ, ಅಷ್ಟೆ.

ತಂದೆ 2022ರ ನವೆಂಬರ್‌ನಲ್ಲಿ 60 ದಿನಗಳ ವಿಸಿಟ್ ವೀಸಾದ ಮೇಲೆ ಹೋಗಿದ್ದರು. ಊರಲ್ಲಿ ಪೇಂಟಿಂಗ್ ಕೆಲಸ ಮಾಡುತ್ತಿದ್ದವರು. "ಅಲ್ಲಿ ಹೋದ ಮ್ಯಾಲೆ ವೀಸಾ ಬದಲಿ ಮಾಡಿಸೋಣ" ಎಂದು ಏಜೆಂಟ್ ಒಂದು ಲಕ್ಷಕ್ಕೂ ಹೆಚ್ಚು ಹಣ ಪಡೆದಿದ್ದ. ವೀಸಾ ಬದಲಾಗಲಿಲ್ಲ, ಏಜೆಂಟನ ಫೋನ್ ಬಂದ್ ಆಯಿತು, ಪಾಸ್‌ಪೋರ್ಟ್ ಅಲ್ಲಿನ ಅವನ ಕಡೆಯವನ ಕೈಯಲ್ಲಿ ಉಳಿಯಿತು. ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು ಮತ್ತು ಊರನ್ನು ಬಿಟ್ಟಿದ್ದೇವೆ.

ವೀಸಾ ಅವಧಿ, ವಾಸದ ಅವಧಿ: ಎರಡೂ ಬೇರೆ

ಕಾನೂನಿನ ಮಾತಿಗೆ ಬರುವ ಮೊದಲು ಒಂದು ಗೊಂದಲ ಬಗೆಹರಿಯಬೇಕು. ವೀಸಾದ ಮೇಲೆ ಸಾಮಾನ್ಯವಾಗಿ ಎರಡು ಸಂಗತಿ ಇರುತ್ತವೆ. ಒಂದು, ಯಾವ ತಾರೀಖಿನೊಳಗೆ ಆ ದೇಶವನ್ನು ಪ್ರವೇಶಿಸಬೇಕು ಎಂಬುದು. ಇನ್ನೊಂದು, ಪ್ರವೇಶಿಸಿದ ಮೇಲೆ ಎಷ್ಟು ದಿನ ಇರಬಹುದು ಎಂಬುದು. ಪರೀಕ್ಷೆಯ ಹಾಲ್ ಟಿಕೆಟ್ ನಿಮ್ಮನ್ನು ಕೊಠಡಿಯೊಳಗೆ ಬಿಡುತ್ತದೆ, ಆದರೆ ಉತ್ತರ ಪತ್ರಿಕೆ ಯಾವಾಗ ಕೊಡಬೇಕು ಎಂಬುದನ್ನು ಗಂಟೆ ಹೇಳುತ್ತದೆ. ಹಾಗೆಯೇ ಇದು. ಸೌದಿಯ ವಿಸಿಟ್ ವೀಸಾ ಒಂದು ವರ್ಷದ್ದು ಎಂದು ಇದ್ದರೂ ಒಂದು ಸಲ ಹೋದರೆ 90 ದಿನ ಮಾತ್ರ ಇರಬಹುದು ಎಂಬ ಷರತ್ತು ಇರಬಹುದು. ಅಮೆರಿಕದ ವಿಸಿಟ್ ವೀಸಾ 10 ವರ್ಷದ್ದಾದರೂ, ಎಷ್ಟು ದಿನ ಇರಬಹುದು ಎಂಬುದನ್ನು ವಿಮಾನ ನಿಲ್ದಾಣದ ಅಧಿಕಾರಿ ನಿಗದಿ ಮಾಡುತ್ತಾರೆ. ‘ವರ್ಷದ ವೀಸಾ ಇದೆ’ ಎಂದು ನೂರನೇ ದಿನವೂ ಅಲ್ಲಿಯೇ ಇದ್ದವರು ತಮಗೆ ತಿಳಿಯದಂತೆಯೇ ಕಾನೂನು ಮೀರಿರುತ್ತಾರೆ.

ಕೆಲಸದ ವೀಸಾದವರಿಗೆ ಅಲ್ಲಿ ರೆಸಿಡೆನ್ಸಿ ಕಾರ್ಡ್ ಸಿಗುತ್ತದೆ. ಸೌದಿಯಲ್ಲಿ ಅದಕ್ಕೆ ಇಕಾಮಾ ಎನ್ನುತ್ತಾರೆ. ಅದನ್ನು ನವೀಕರಿಸುವುದು ಕಂಪನಿಯ ಕೆಲಸ. ಕಂಪನಿ ನವೀಕರಿಸದಿದ್ದರೂ ಬೀದಿಯಲ್ಲಿ ತಪಾಸಣೆಯಾದಾಗ ಸಿಕ್ಕಿಬೀಳುವವನು ಕಾರ್ಮಿಕನೇ. ಆದ್ದರಿಂದ ಕಾರ್ಡಿನ ಕೊನೆಯ ತಾರೀಖು ಮನೆಯವರಿಗೂ ಗೊತ್ತಿರಬೇಕು.

ದಂಡದ ಲೆಕ್ಕ

ಈಗ ಕಾನೂನು. ಎಲ್ಲ ದೇಶಗಳನ್ನೂ ಇಲ್ಲಿ ಹೇಳಲಾಗದು. ನಮ್ಮ ಅರ್ಜಿಗಳಲ್ಲಿ ಹೆಚ್ಚಾಗಿ ಕಾಣುವ ದೇಶಗಳನ್ನು ಮಾತ್ರ ಹೇಳುತ್ತೇವೆ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹೊರಡುವ ಮೊದಲು ಮತ್ತೊಮ್ಮೆ ವಿಚಾರಿಸಬೇಕು.

ಯುಎಇ (ದುಬೈ, ಅಬುಧಾಬಿ, ಶಾರ್ಜಾ ಮುಂತಾದವು): 2022ರ ಅಕ್ಟೋಬರ್‌ನಿಂದ ವಿಸಿಟ್ ವೀಸಾ ಇರಲಿ, ರೆಸಿಡೆನ್ಸಿ ಇರಲಿ, ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. ದಿರ್ಹಮಿಗೆ 23 ರೂಪಾಯಿ ಎಂದು ಹಿಡಿದು ಲೆಕ್ಕ ಹಾಕಿ. ದಿನಕ್ಕೆ 1,150 ರೂಪಾಯಿ. ತಿಂಗಳಿಗೆ 34,500 ರೂಪಾಯಿ. ವರ್ಷಕ್ಕೆ 18,250 ದಿರ್ಹಮ್, ಅಂದರೆ ನಾಲ್ಕು ಲಕ್ಷ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು. ನಾವು ಮೇಲೆ ಹೇಳಿದ ತಂದೆ ಸುಮಾರು 640 ದಿನ ಅವಧಿ ಮೀರಿ ಉಳಿದಿದ್ದರು. ಅವರ ದಂಡ 32,000 ದಿರ್ಹಮ್, ಅಂದರೆ ಏಳು ಲಕ್ಷ ಮೂವತ್ತಾರು ಸಾವಿರ ರೂಪಾಯಿ ಆಗುತ್ತಿತ್ತು. ಅವರು ಊರಿನಲ್ಲಿ ಮಾಡಿದ ಸಾಲದ ಹಲವು ಪಟ್ಟು. ಮೊದಲ ತಿಂಗಳಲ್ಲಿಯೇ ಮನೆಗೆ ತಿಳಿಸಿದ್ದರೆ ಮೂವತ್ತೈದು ಸಾವಿರದೊಳಗೆ ಮುಗಿಯುತ್ತಿತ್ತು.

ಸೌದಿ ಅರೇಬಿಯಾ: ಇಕಾಮಾ ನವೀಕರಣ ತಡವಾದರೆ ಮೊದಲ ಸಲ 500 ರಿಯಾಲ್, ಎರಡನೇ ಸಲ 1,000 ರಿಯಾಲ್, ಮೂರನೇ ಸಲ ಗಡೀಪಾರು. ವಿಸಿಟ್ ವೀಸಾದ ಅವಧಿ ಮೀರಿದರೆ 50,000 ರಿಯಾಲ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಮತ್ತು ಗಡೀಪಾರು ಎಂದು ಅಲ್ಲಿನ ಗೃಹ ಸಚಿವಾಲಯ ಪ್ರಕಟಿಸಿದೆ. 50,000 ರಿಯಾಲ್ ಎಂದರೆ ನಮ್ಮ ಹನ್ನೊಂದು ಲಕ್ಷ ರೂಪಾಯಿಗೂ ಹೆಚ್ಚು. ಕೆಲಸದಿಂದ ಓಡಿಹೋದ ಎಂದು ಮಾಲೀಕ ದೂರು ಕೊಟ್ಟರೆ ಅದಕ್ಕೆ ‘ಹುರೂಬ್’ ಎನ್ನುತ್ತಾರೆ. ಅಂಥವನಿಗೆ ಇಕಾಮಾ ನವೀಕರಣವೂ ಕಷ್ಟ, ಬೇರೆ ಕೆಲಸವೂ ಕಷ್ಟ.

ಕುವೈತ್: 2025ರ ಜನವರಿ 5ರಿಂದ ಹೊಸ ಕಾನೂನು ಜಾರಿಯಲ್ಲಿದೆ. ವಿಸಿಟ್ ವೀಸಾದ ಅವಧಿ ಮೀರಿದರೆ ದಿನಕ್ಕೆ 10 ದಿನಾರ್, ಗರಿಷ್ಠ 2,000 ದಿನಾರ್. ದಿನಾರಿಗೆ 280 ರೂಪಾಯಿ ಹಿಡಿದರೆ ದಿನಕ್ಕೆ 2,800, ಗರಿಷ್ಠ ಐದು ಲಕ್ಷ ಅರವತ್ತು ಸಾವಿರ.

ದಂಡಕ್ಕಿಂತ ದೊಡ್ಡ ನಷ್ಟ

ದಂಡ ಒಂದು ಸಂಖ್ಯೆ. ಹೇಗೋ ಹೊಂದಿಸಬಹುದು ಎಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ಅವಧಿ ಮೀರಿದ ದಿನದಿಂದ ಮನುಷ್ಯನ ಕೈಯಿಂದ ಒಂದೊಂದೇ ಹಕ್ಕು ಜಾರಿಹೋಗುತ್ತದೆ. ಸರಿಯಾದ ಕಾರ್ಡ್ ಇಲ್ಲದೆ ಬ್ಯಾಂಕಿನಿಂದ ಊರಿಗೆ ಹಣ ಕಳಿಸಲಾಗದು. ಜ್ವರ ಬಂದರೆ ಆಸ್ಪತ್ರೆಗೆ ಹೋಗಲು ಹೆದರಿಕೆ. ಕೂಲಿ ಕೊಡದಿದ್ದರೆ ಕೇಳಲು ಬಾಯಿ ಇಲ್ಲ, ಯಾಕೆಂದರೆ ದೂರು ಕೊಡಲು ಹೋದವನೇ ಸಿಕ್ಕಿಬೀಳುತ್ತಾನೆ. ಗಲ್ಫ್‌ನಲ್ಲಿ ನಮ್ಮ ಕಾರ್ಮಿಕರು ಇಂಥವರನ್ನು ‘ಖಲ್ಲಿವಲ್ಲಿ’ ಎಂದು ಕರೆಯುತ್ತಾರೆ. ಮಾಲೀಕರಿಗೂ ಅವರ ಅಸಹಾಯಕತೆ ಗೊತ್ತು, ಅದಕ್ಕೇ ಅರ್ಧ ಕೂಲಿ ಕೊಡುತ್ತಾರೆ. ಯುಎಇಯಲ್ಲಿ ಪರವಾನಗಿ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ 2024ರಿಂದ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ಹೀಗಾಗಿ ಅಂಥ ಕೆಲಸವೂ ಈಗ ಸುಲಭವಾಗಿ ಸಿಗುತ್ತಿಲ್ಲ.

ಕುಟುಂಬ ಅಲ್ಲಿಯೇ ಇದ್ದರೆ ಮಕ್ಕಳ ಮೇಲೂ ಪರಿಣಾಮ. ದಾಖಲೆ ಸರಿ ಇಲ್ಲದ ತಂದೆ-ತಾಯಿಗೆ ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಮಾಡಿಸುವುದು ಕಷ್ಟ. ಅವು ಇಲ್ಲದೆ ಶಾಲೆಯಲ್ಲಿ ಪ್ರವೇಶವಿಲ್ಲ.

ಇನ್ನು ಗಡೀಪಾರಾದರೆ ಬೆರಳಚ್ಚು ದಾಖಲಾಗುತ್ತದೆ. ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಮತ್ತೆ ಹೋಗಬಹುದು ಎನ್ನುವವರ ಮಾತು ನಂಬಬೇಡಿ. ಪುಸ್ತಕ ಹೊಸದಾದರೂ ಬೆರಳು ಹಳೆಯದೇ. ದಂಡ ಕಟ್ಟಿ ತಾನಾಗಿ ಹೊರಬಂದವನಿಗೂ, ಹಿಡಿದು ಕಳಿಸಿದವನಿಗೂ ಕಾನೂನಿನ ಕಣ್ಣಲ್ಲಿ ಬಹಳ ವ್ಯತ್ಯಾಸ ಇದೆ.

ಉಮ್ರಾಗೆ ಹೋಗುವವರು ಗಮನಿಸಿ

ನಮ್ಮ ದಾನಿಗಳಲ್ಲಿ ಹಲವರು ಉಮ್ರಾಗೆ ಹೋಗುತ್ತಾರೆ, ತಂದೆ-ತಾಯಿಯನ್ನು ಕಳಿಸುತ್ತಾರೆ. ಅವರಿಗಾಗಿ ಈ ಮಾತು. ಉಮ್ರಾ ವೀಸಾದ ಮೇಲೆ ಹೋಗಿ ಹಜ್ ಮುಗಿಸಿಕೊಂಡೇ ಬರೋಣ ಎಂಬ ಆಸೆಯಿಂದ ಉಳಿದುಕೊಳ್ಳುವುದು ಅಪರಾಧ. 2025ರಲ್ಲಿ ಉಮ್ರಾ ಯಾತ್ರಿಕರು ಸೌದಿಯಿಂದ ಹೊರಡಲು ಏಪ್ರಿಲ್ 29 ಕೊನೆಯ ದಿನವಾಗಿತ್ತು. ಅದೇ ವರ್ಷದ ಪ್ರಕಟಣೆಯಂತೆ, ಪರವಾನಗಿ ಇಲ್ಲದೆ ಹಜ್ ಮಾಡಲು ಯತ್ನಿಸಿದವರಿಗೆ 20,000 ರಿಯಾಲ್‌ವರೆಗೆ ದಂಡ. ಅಂಥವರಿಗಾಗಿ ವಿಸಿಟ್ ವೀಸಾ ಮಾಡಿಸಿದವರಿಗೂ, ಮಕ್ಕಾದಲ್ಲಿ ತಂಗಲು ಜಾಗ ಕೊಟ್ಟವರಿಗೂ 1,00,000 ರಿಯಾಲ್‌ವರೆಗೆ ದಂಡ. ಅವಧಿ ಮೀರಿ ಉಳಿದು ಹಜ್‌ಗೆ ಯತ್ನಿಸಿದವರಿಗೆ ಗಡೀಪಾರು ಮತ್ತು 10 ವರ್ಷ ಪ್ರವೇಶ ನಿಷೇಧ. ಮಗ ಜಿದ್ದಾದಲ್ಲಿದ್ದಾನೆ, ಅವನ ರೂಮಿನಲ್ಲಿ ಇದ್ದು ಬಿಡೋಣ ಎಂದರೆ ಮಗನ ಕೆಲಸಕ್ಕೇ ಕುತ್ತು ಬರುತ್ತದೆ.

ಈ ಸುಳಿಯಲ್ಲಿ ಬೀಳುವುದು ಹೇಗೆ

ನಮ್ಮಲ್ಲಿಗೆ ಬಂದ ಕುಟುಂಬಗಳನ್ನು ವಿಚಾರಿಸಿದಾಗ ದಾರಿ ಹೆಚ್ಚುಕಡಿಮೆ ಒಂದೇ ಕಂಡಿತು: ವಿಸಿಟ್ ವೀಸಾದ ಮೇಲೆ ಕೆಲಸಕ್ಕೆ ಹೋಗುವುದು. ಇದರ ಹಿಂದೆ ಒಂದು ಕಾರಣ ಇದೆ, ಅದು ಶಿಕ್ಷಣಕ್ಕೆ ಸಂಬಂಧಿಸಿದ್ದು.

1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅಂಥವರು ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಅನುಮತಿ ಬೇಕು. ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಮಾಲೀಕನ ಹೆಸರು, ಸಂಬಳ, ಕರಾರು ದಾಖಲಾಗುತ್ತವೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಆಗುತ್ತದೆ. ಅದರ ಪ್ರೀಮಿಯಂ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ ಸಿಗುತ್ತದೆ. ಈ ಅನುಮತಿ ಕಾರ್ಮಿಕನ ರಕ್ಷಣೆಗಾಗಿ ಇರುವುದು. ಆದರೆ ನೋಂದಣಿ ಇಲ್ಲದ ಏಜೆಂಟನಿಗೆ ಇದು ತೊಡಕು. ಆದ್ದರಿಂದ ಆತ "ಕ್ಲಿಯರೆನ್ಸ್ ಗಿಯರೆನ್ಸ್ ಏನೂ ಬೇಡ, ವಿಸಿಟ್ ಮ್ಯಾಲ ಹೋಗು" ಎನ್ನುತ್ತಾನೆ. ಹಾಗೆ ಹೋದವನ ಹೆಸರು ಯಾವ ಕಡತದಲ್ಲಿಯೂ ಕೆಲಸಗಾರ ಎಂದು ಇರುವುದಿಲ್ಲ. ವಿಮೆ ಇಲ್ಲ, ಕರಾರು ಇಲ್ಲ, ಕೈಯಲ್ಲಿರುವುದು ಮೂವತ್ತೋ ಅರವತ್ತೋ ದಿನ.

ನೋಂದಾಯಿತ ಏಜೆಂಟ್ ಕಾರ್ಮಿಕನಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಒಟ್ಟು 35,400. ಅದಕ್ಕೆ ರಸೀದಿ ಕೊಡಬೇಕು. ಲಕ್ಷಗಟ್ಟಲೆ ಕೇಳಿ, ರಸೀದಿ ಕೊಡಲು ಹಿಂದೆಗೆಯುವವನ ಬಳಿ ಮುಂದಿನ ಮಾತೇ ಬೇಡ. ಏಜೆಂಟನ ಲೈಸೆನ್ಸ್ ನಂಬರ್ ನಿಜವೇ ಎಂಬುದನ್ನು ಇ-ಮೈಗ್ರೇಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಿಮಗೆ ಬಾರದಿದ್ದರೆ ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಹೇಳಿ, ಐದು ನಿಮಿಷದ ಕೆಲಸ.

ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಈ ಅನುಮತಿ ಬೇಕಾಗುವುದಿಲ್ಲ. ಹತ್ತನೇ ತರಗತಿಯ ಅಂಕಪಟ್ಟಿಗೆ ಪಾಸ್‌ಪೋರ್ಟ್ ಕಚೇರಿಯಲ್ಲಿಯೂ ಬೆಲೆ ಇದೆ ಎಂಬುದನ್ನು ಶಾಲೆ ಬಿಡಲು ಹೊರಟ ಹುಡುಗರಿಗೆ ನಾವು ಹೇಳುತ್ತಾ ಬಂದಿದ್ದೇವೆ. ಗೌಂಡಿ ಕೆಲಸವಾದರೂ ಸರಿ, ಡ್ರೈವಿಂಗ್ ಆದರೂ ಸರಿ, ಕರಾರು ಪತ್ರ ಓದಿ ಅರ್ಥಮಾಡಿಕೊಳ್ಳುವವನಿಗೂ ಹೆಬ್ಬೆಟ್ಟು ಒತ್ತುವವನಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಕ್ಷಮಾದಾನದ ಅವಕಾಶ

ಗಲ್ಫ್ ದೇಶಗಳು ಆಗಾಗ ಕ್ಷಮಾದಾನ ಪ್ರಕಟಿಸುತ್ತವೆ. ಜನ ಅದನ್ನು ಆಮ್ನೆಸ್ಟಿ ಎನ್ನುತ್ತಾರೆ. ಆ ಅವಧಿಯಲ್ಲಿ ಮುಂದೆ ಬಂದವರ ದಂಡ ಮನ್ನಾ ಆಗುತ್ತದೆ. ಸೌದಿಯಲ್ಲಿ 2013ರಲ್ಲಿ ನಿತಾಕತ್ ನಿಯಮಗಳ ಕಾಲಕ್ಕೆ ಏಪ್ರಿಲ್‌ನಿಂದ ನವೆಂಬರ್ 3ರವರೆಗೆ ಇಂಥ ಅವಕಾಶ ಇತ್ತು. ಆಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ತಾಯ್ನಾಡಿಗೆ ಮರಳಿದರು. 2017ರಲ್ಲಿ ಸೌದಿ ಮತ್ತೊಮ್ಮೆ, 2018ರಲ್ಲಿ ಕುವೈತ್ ಮತ್ತು ಯುಎಇ, 2024ರಲ್ಲಿ ಮತ್ತೆ ಕುವೈತ್ ಮತ್ತು ಯುಎಇ ಅವಕಾಶ ಕೊಟ್ಟವು.

ಯುಎಇಯ 2024ರ ಕ್ಷಮಾದಾನ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 31ರವರೆಗೆ ಎಂದು ಪ್ರಕಟವಾಗಿ, ನಂತರ ಡಿಸೆಂಬರ್ 31ರವರೆಗೆ ವಿಸ್ತರಣೆಯಾಯಿತು. ದಂಡ ಪೂರ್ತಿ ಮನ್ನಾ, ಮರುಪ್ರವೇಶಕ್ಕೆ ನಿಷೇಧ ಇಲ್ಲ. ಬೇಕಾದವರು ಕೆಲಸ ಹುಡುಕಿ ದಾಖಲೆ ಸರಿಪಡಿಸಿಕೊಳ್ಳಬಹುದಿತ್ತು, ಇಲ್ಲವೇ ಎಕ್ಸಿಟ್ ಪಾಸ್ ಪಡೆದು ಹೊರಡಬಹುದಿತ್ತು. ದುಬೈಯ ಅಲ್ ಅವೀರ್ ಕೇಂದ್ರದಲ್ಲಿ ನಮ್ಮ ಕಾನ್ಸುಲೇಟ್ ಸಹಾಯ ಕೌಂಟರ್ ತೆರೆದಿತ್ತು.

ನಾವು ಹೇಳಿದ ತಂದೆಗೆ ಈ ಸುದ್ದಿ ಗೊತ್ತಿತ್ತು, ಆದರೆ ನಂಬಿಕೆ ಇರಲಿಲ್ಲ. ಅದು ಹಿಡಿಯುವ ಉಪಾಯ ಎಂದು ರೂಮಿನಲ್ಲಿದ್ದವರು ಹೆದರಿಸಿದ್ದರು. ಅಲ್ಲಿಯೇ ಇರುವ ನಮ್ಮ ಒಬ್ಬ ದಾನಿ ರಜೆಯ ದಿನ ಅವರ ರೂಮಿಗೆ ಹೋಗಿ ಮಾತಾಡಿ, ಜೊತೆಗೆ ಕರೆದುಕೊಂಡು ಹೋದರು. ಪಾಸ್‌ಪೋರ್ಟ್ ಇರಲಿಲ್ಲವಾದ್ದರಿಂದ ಕಾನ್ಸುಲೇಟ್ ಊರಿಗೆ ಮರಳಲು ಮಾತ್ರ ಉಪಯೋಗವಾಗುವ ತುರ್ತು ಪ್ರಮಾಣಪತ್ರ ಕೊಟ್ಟಿತು. ನಮ್ಮ ಜನ ಇದನ್ನು ಔಟ್‌ಪಾಸ್ ಎನ್ನುತ್ತಾರೆ. ಅಕ್ಟೋಬರ್‌ನಲ್ಲಿ ಅವರು ಮುಂಬೈಗೆ ಬಂದಿಳಿದರು. ದಂಡ ಒಂದು ದಿರ್ಹಮ್ ಕೂಡ ಕಟ್ಟಲಿಲ್ಲ. ಈಗ ಊರಿನಲ್ಲಿ ಪೇಂಟಿಂಗ್ ಕೆಲಸವನ್ನೇ ಮಾಡುತ್ತಿದ್ದಾರೆ, ಸಾಲವನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತಿದ್ದಾರೆ.

ಆದರೆ ಒಂದು ಎಚ್ಚರಿಕೆ. ಮುಂದಿನ ಕ್ಷಮಾದಾನ ಯಾವಾಗ ಬರುತ್ತದೆ ಎಂದು ಕಾದು ಕುಳಿತುಕೊಳ್ಳುವುದು ಜಾಣತನವಲ್ಲ. ಯುಎಇಯಲ್ಲಿ 2018ಕ್ಕೂ 2024ಕ್ಕೂ ನಡುವೆ ಆರು ವರ್ಷ. ದಿನಕ್ಕೆ 50 ದಿರ್ಹಮ್‌ನಂತೆ ಆರು ವರ್ಷದ ಲೆಕ್ಕವನ್ನು ಓದುಗರೇ ಹಾಕಬಹುದು.

ಮನೆಯವರು ಮಾಡಬೇಕಾದುದು

ಅವಧಿ ಮುಗಿದಿದೆ ಎಂದು ಗೊತ್ತಾದ ಕೂಡಲೇ ಈ ಕ್ರಮದಲ್ಲಿ ಮುಂದುವರಿಯಿರಿ.

1. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಪ್ರವೇಶದ ಮುದ್ರೆ, ರೆಸಿಡೆನ್ಸಿ ಕಾರ್ಡ್ ಇವುಗಳ ಫೋಟೊಗಳನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಹೋಗುವ ಮೊದಲೇ ಒಂದು ಜೆರಾಕ್ಸ್ ಪ್ರತಿ ಮನೆಯಲ್ಲಿಟ್ಟಿದ್ದರೆ ಇನ್ನೂ ಒಳ್ಳೆಯದು.

2. ಏಜೆಂಟನಿಗೆ ಕೊಟ್ಟ ಹಣದ ರಸೀದಿ, ಫೋನ್‌ಪೇ ಅಥವಾ ಬ್ಯಾಂಕ್ ದಾಖಲೆ, ಮೆಸೇಜುಗಳನ್ನು ಅಳಿಸದೆ ಇಟ್ಟುಕೊಳ್ಳಿ. ವಂಚನೆಯ ದೂರನ್ನು ಖಾನಾಪುರದಲ್ಲಾಗಲಿ ಬೆಳಗಾವಿಯಲ್ಲಾಗಲಿ ನಿಮ್ಮ ಪೊಲೀಸ್ ಠಾಣೆಯಲ್ಲಿಯೇ ಕೊಡಬಹುದು.

3. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಮನೆಯವರೇ ಊರಿನಿಂದ ದಾಖಲಿಸಬಹುದು, ನಂಬರ್ ಸಿಗುತ್ತದೆ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. ಯುಎಇಯಲ್ಲಿ ಇದ್ದವರಿಗೆ 800 46342. ರಾಜ್ಯ ಸರ್ಕಾರದ ಅನಿವಾಸಿ ಭಾರತೀಯ ಸಮಿತಿಗೂ ಪತ್ರ ಬರೆಯಬಹುದು.

4. ಅಲ್ಲಿರುವವರು ರಾಯಭಾರ ಕಚೇರಿಗೆ ಅಥವಾ ಕಾನ್ಸುಲೇಟಿಗೆ ಹೋಗಲಿ. ಅದು ನಮ್ಮ ದೇಶದ ಕಚೇರಿ, ಹಿಡಿದುಕೊಡುವ ಠಾಣೆಯಲ್ಲ. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಲ್ಲಿ ಇದೆ. ಕಾರ್ಮಿಕನ ತಪ್ಪಿಲ್ಲದೆ ಅವಧಿ ಮೀರಿದ ಪ್ರಕರಣಗಳಲ್ಲಿ, ಬೇರೆ ದಾರಿ ಇಲ್ಲದವರಿಗೆ ಸಣ್ಣ ದಂಡ, ವಿಮಾನದ ಟಿಕೆಟ್, ಕಾನೂನು ನೆರವು ಅದರಿಂದ ಸಿಗಬಹುದು.

5. ‘ನಾನು ಒಳಗಿನಿಂದ ಮಾಡಿಸಿಕೊಡುತ್ತೇನೆ’ ಎನ್ನುವ ಎರಡನೇ ಏಜೆಂಟನಿಗೆ ಹಣ ಕೊಡಬೇಡಿ. ಮೊದಲನೆಯವನು ತೆಗೆದ ಗುಂಡಿಯನ್ನು ಇವನು ಆಳ ಮಾಡುತ್ತಾನೆ, ಅಷ್ಟೆ.

ಓದಲು ಹೋದ ಮಕ್ಕಳು

ವಿದೇಶದಲ್ಲಿ ಓದುವ ನಮ್ಮ ವಿದ್ಯಾರ್ಥಿಗಳು ಕೆಲವೇ ಮಂದಿ, ಆದರೆ ಪ್ರತಿ ವರ್ಷ ವಿಚಾರಣೆ ಹೆಚ್ಚುತ್ತಿದೆ. ವಿದ್ಯಾರ್ಥಿ ವೀಸಾ ಕಾಲೇಜಿಗೆ ಅಂಟಿಕೊಂಡಿರುತ್ತದೆ. ಫೀಸು ಕಟ್ಟಲಾಗದೆ ತರಗತಿ ಬಿಟ್ಟರೆ ವೀಸಾದ ಆಧಾರವೇ ಹೋಗುತ್ತದೆ. ಅಮೆರಿಕದ ಕಾನೂನಿನ ಪ್ರಕಾರ 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಬಂದವರಿಗೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದವರಿಗೆ 10 ವರ್ಷ ಮರುಪ್ರವೇಶಕ್ಕೆ ತಡೆ ಇದೆ. ಬ್ರಿಟನ್ನಿನಲ್ಲಿ ತಿಳಿದೂ ಅವಧಿ ಮೀರುವುದು 1971ರ ವಲಸೆ ಕಾಯ್ದೆಯಂತೆ ಅಪರಾಧ. ಫೀಸಿನ ತೊಂದರೆ ಬಂದರೆ ತರಗತಿ ಬಿಡುವ ಮೊದಲು ಮನೆಗೆ ಹೇಳಿ, ಕಾಲೇಜಿಗೆ ಹೇಳಿ, ನಮಗೂ ಹೇಳಿ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ

ಅರಬರ ದೇಶದ ಕಾನೂನು ಕಠಿಣ ಎಂದು ದೂರುವವರು ನಮ್ಮ ಕಾನೂನನ್ನೂ ತಿಳಿದಿರಬೇಕು. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಜಾರಿಗೆ ಬಂದಿದೆ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ ಇದು ಬಂತು. ಭಾರತದಲ್ಲಿ ವೀಸಾ ಅವಧಿ ಮೀರಿ ಉಳಿದ ವಿದೇಶಿಯರಿಗೆ 3 ವರ್ಷದವರೆಗೆ ಜೈಲು, ಅಥವಾ 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇದು ಬೆಳಗಾವಿಯ ಮನೆ ಮಾಲೀಕರಿಗೂ ಸಂಬಂಧಿಸಿದ್ದು. ನಗರದ ಮೆಡಿಕಲ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಹೊರದೇಶದ ವಿದ್ಯಾರ್ಥಿಗಳು ಬರುತ್ತಾರೆ. ಅಂಥವರಿಗೆ ಕೋಣೆ ಕೊಟ್ಟವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ವಿದೇಶಿ ಪೌರತ್ವ ಪಡೆದ ನೆಂಟರು ಮನೆಗೆ ಬಂದು ತಂಗಿದಾಗಲೂ ಇದನ್ನು ವಿಚಾರಿಸಿ ತಿಳಿದುಕೊಳ್ಳುವುದು ಕ್ಷೇಮ. ನಮ್ಮ ಮಗ ಅಲ್ಲಿ ಅತಿಥಿಯಾಗಿ ಹೇಗೆ ನಡೆದುಕೊಳ್ಳಬೇಕೋ, ಇಲ್ಲಿಗೆ ಬಂದ ಅತಿಥಿಯೂ ಹಾಗೆಯೇ. ಯಾವ ಷರತ್ತಿಗೆ ಒಪ್ಪಿ ಒಳಗೆ ಬಂದೆವೋ ಆ ಮಾತನ್ನು ಉಳಿಸಿಕೊಳ್ಳಬೇಕು.

ಟ್ರಸ್ಟ್ ಮಾಡಿಕೊಂಡ ಬದಲಾವಣೆ

ಈ ಪ್ರಕರಣದ ನಂತರ ಟ್ರಸ್ಟಿನ ಸಭೆಯಲ್ಲಿ ಮೂರು ನಿರ್ಣಯ ಮಾಡಿದ್ದೇವೆ. ಒಂದು, ಅರ್ಜಿಯಲ್ಲಿ ತಂದೆ ಅಥವಾ ಪೋಷಕರು ವಿದೇಶದಲ್ಲಿದ್ದಾರೆ ಎಂದು ಬರೆದ ಮಾತ್ರಕ್ಕೆ ಯಾರನ್ನೂ ತಿರಸ್ಕರಿಸುವುದಿಲ್ಲ. ಕಳೆದ ಆರು ತಿಂಗಳಲ್ಲಿ ಮನೆಗೆ ಬಂದ ಹಣ ಎಷ್ಟು ಎಂಬುದನ್ನು ಮಾತ್ರ ನೋಡುತ್ತೇವೆ. ಎರಡು, ಫಾರ್ಮಿನಲ್ಲಿ ‘ವೀಸಾ ಅಥವಾ ಕೆಲಸದ ತೊಂದರೆ ಇದೆಯೇ’ ಎಂಬ ಹೊಸ ಕಾಲಮ್ ಸೇರಿಸಿದ್ದೇವೆ. ಅದರಲ್ಲಿ ಬರೆದುದನ್ನು ಸಂದರ್ಶನ ಮಾಡುವ ಇಬ್ಬರು ಸದಸ್ಯರು ಬಿಟ್ಟು ಬೇರೆ ಯಾರೂ ನೋಡುವುದಿಲ್ಲ. ಹೇಳಿಕೊಳ್ಳಲು ಸಂಕೋಚವಿರುವವರು ಆ ಕಾಲಮಿನಲ್ಲಿ ‘ಹೌದು’ ಎಂದಷ್ಟೇ ಬರೆಯಲಿ, ನಾವೇ ಬಂದು ಮಾತಾಡುತ್ತೇವೆ. ಮೂರು, ದಾಖಲೆ ಹಾಕಲು, ಮದದ್‌ನಲ್ಲಿ ದೂರು ಬರೆಯಲು ಬಾರದ ಕುಟುಂಬಗಳಿಗೆ ನಮ್ಮ ಹಿರಿಯ ವಿದ್ಯಾರ್ಥಿಗಳು ನೆರವಾಗುತ್ತಾರೆ.

ದಂಡ ಕಟ್ಟಲು ಟ್ರಸ್ಟಿನ ಹಣ ಕೊಡುತ್ತೀರಾ ಎಂದು ದಾನಿಗಳು ಕೇಳಿದ್ದಾರೆ. ವಿದ್ಯಾರ್ಥಿವೇತನಕ್ಕೆಂದು ಬಂದ ಹಣ ವಿದ್ಯಾರ್ಥಿಗಳಿಗೇ ಹೋಗುತ್ತದೆ. ಅದರಿಂದ ಯಾರ ದಂಡವನ್ನೂ ಕಟ್ಟಿಲ್ಲ, ಕಟ್ಟುವುದೂ ಇಲ್ಲ. ಸಾಲದಲ್ಲಿ ಮುಳುಗಿದವರು, ಅಂದರೆ ಗಾರಿಮೀನ್, ಝಕಾತ್‌ನ ಎಂಟು ಹಕ್ಕುದಾರರಲ್ಲಿ ಒಬ್ಬರು. ಇಂಥ ದಂಡಕ್ಕೆ ಝಕಾತ್ ಕೊಡಬಹುದೇ ಎಂಬುದನ್ನು ದಾನಿಗಳು ತಮ್ಮ ಉಲಮಾಗಳನ್ನು ಕೇಳಿ ತೀರ್ಮಾನಿಸಲಿ.

ಆ ಹುಡುಗಿ ಈಗ ಬಿಎ ಮೊದಲ ವರ್ಷದಲ್ಲಿದ್ದಾಳೆ. ಅವಳ ಫೀಸು ನಮ್ಮ ನಿಧಿಯಿಂದ ಹೋಗುತ್ತಿದೆ. ಮುಂದೆ ಬಿ.ಎಡ್ ಮಾಡಿ ಶಿಕ್ಷಕಿಯಾಗಬೇಕು ಎನ್ನುತ್ತಾಳೆ. ನಮಗೆ ಸಂತೋಷವೇ. ಆದರೂ ಅವಳು ವಿಜ್ಞಾನ ಓದಬೇಕು ಎಂದು ಬಂದವಳು. 2023ರ ಜೂನ್‌ನಲ್ಲಿ ನಾವು ಒಂದು ಪ್ರಶ್ನೆ ಕೇಳಿದ್ದರೆ, ಅವಳ ಮನೆಯವರು ಒಂದು ಮಾತು ಹೇಳಿದ್ದರೆ, ಅವಳ ದಾರಿ ಬೇರೆಯಾಗುತ್ತಿತ್ತು. ದಂಡ ಮನ್ನಾ ಆಯಿತು, ಆ ಒಂದು ವರ್ಷ ಮನ್ನಾ ಆಗಲಿಲ್ಲ.

ಆದ್ದರಿಂದ ನಮ್ಮ ವಿನಂತಿ ಇಷ್ಟು. ನಿಮ್ಮ ಮನೆಯಲ್ಲಿ ಯಾರಾದರೂ ಹೊರದೇಶದಲ್ಲಿದ್ದರೆ ಇಂದು ರಾತ್ರಿ ಫೋನ್ ಮಾಡಿದಾಗ ಊಟ ಆಯಿತೇ ಎಂದು ಕೇಳುವುದರ ಜೊತೆಗೆ, ವೀಸಾ ಯಾವ ತಾರೀಖಿನವರೆಗೆ ಇದೆ ಎಂದೂ ಕೇಳಿ. ಉತ್ತರ ಬರದಿದ್ದರೆ ಕೋಪಿಸಿಕೊಳ್ಳಬೇಡಿ, ಮತ್ತೆ ಕೇಳಿ. ಮುಂದಿನ ಸಾಲಿನ ವಿದ್ಯಾರ್ಥಿವೇತನದ ಪ್ರಕಟಣೆ ಮತ್ತು ಹೊಸ ಅರ್ಜಿ ಫಾರ್ಮ್ ಈ ವರದಿಯ ಕೊನೆಯಲ್ಲಿವೆ. ಆ ಹೊಸ ಕಾಲಮನ್ನು ಖಾಲಿ ಬಿಡಬೇಡಿ. ದೂರದಲ್ಲಿರುವ ಎಲ್ಲರನ್ನೂ ಅಲ್ಲಾಹನು ಕ್ಷೇಮವಾಗಿ ಮನೆಗೆ ಮುಟ್ಟಿಸಲಿ. ಆಮೀನ್.